ಬಿಗಿ ಕಪಾಟು

"ಅಜ್ಜಾರ, ನಮ್ಮವರನ್ನ ಜ್ವಾಕಿ ಮಾಡೂದ್ರಾಗ ಅತಿ ಅನ್ನೂದು ಇರ್ತದೇನ್ರೀ?"

ಮಠದ ಪಡಸಾಲೆಯಲ್ಲಿ ನಿಂತು ಹೀಗೆ ಕೇಳಿದವಳು ಕಲ್ಲವ್ವ. ಅವಳ ಗಂಡ ಒಂದು ಮುಂಜಾನೆ ಮೋಟರ್‌ಸೈಕಲ್ ಹತ್ತಿ ಹೋದವನು ತಿರುಗಿ ಬರಲಿಲ್ಲ. ಊರ ಹೊರಗಿನ ತಿರುವಿನಲ್ಲಿ ಲಾರಿಗೆ ಸಿಕ್ಕ. ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ಶಿವಲೀಲಾ. ಬೆಳೆದ ಹುಡುಗಿ. ಮೊದಲು ಅವಳ ಕಾಲೇಜು ನಿಂತಿತು. ಆಮೇಲೆ ಹೊಲಿಗೆ ಕ್ಲಾಸು. ಆಮೇಲೆ ಗೆಳತಿಯರ ಮನೆಗೆ ಹೋಗಿಬರುವುದು. ಒಂದೊಂದನ್ನು ನಿಲ್ಲಿಸುವಾಗಲೂ ಕಲ್ಲವ್ವನ ಹತ್ತಿರ ಒಂದೊಂದು ಕಾರಣವಿತ್ತು, ಮತ್ತು ಯಾವ ಕಾರಣವೂ ಸುಳ್ಳಾಗಿರಲಿಲ್ಲ.

"ಈಗ ಅಕಿ ನನ್ನ ಜೋಡಿ ಮಾತ ಬಿಟ್ಟಾಳ್ರೀ. ನಾ ತಪ್ಪು ಮಾಡೀನೇನು, ಹೇಳ್ರಿ."

ಇಲ್ಲ ಎನ್ನಿಸಿಕೊಳ್ಳಲು ಬಂದವರು ಕೇಳುವ ಧಾಟಿಯೇ ಬೇರೆ. ಮಠದ ಸ್ವಾಮಿಗಳಾದ ಅಜ್ಜನವರು ಅಂಥ ಬಹಳ ಮಂದಿಯನ್ನು ನೋಡಿದ್ದರು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಕೂಡು ತಂಗಿ," ಎಂದು ಅವಳನ್ನು ಕೂರಿಸಿ ಕತೆ ತೆಗೆದರು.

ಒಂದು ಊರಿನಲ್ಲಿ ಇಬ್ಬರು ಬಡಗಿಗಳಿದ್ದರು, ಅಣ್ಣ ಮತ್ತು ತಮ್ಮ. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ, ಕೆಲಸ ಕಲಿಸಿ, ಮದುವೆ ಮಾಡಿದವನು ಅಣ್ಣನೇ. ತಮ್ಮನೆಂದರೆ ಅವನಿಗೆ ಪ್ರಾಣ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಉಂಡೆಯಾ ಎಂದು ಕೇಳುತ್ತಿದ್ದ, ಅಷ್ಟೇ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು.

ಮರದ ಅಂಚು ಕೊರೆಯುವ, ಬಳ್ಳಿಯ ಚಿತ್ತಾರ ತೆಗೆಯುವ ಒಂದು ಕೈಯಂತ್ರವಿದೆ. ಅದನ್ನು ರೂಟರ್ ಎನ್ನುತ್ತಾರೆ. ಅದರ ಬಾಯಿಗೆ ಸಿಕ್ಕಿಸುವ ಉಕ್ಕಿನ ತುಂಡಿಗೆ ಬಿಟ್ ಎಂದು ಹೆಸರು. ಬಿಟ್ಟಿಗೆ ಕೆಳಗೆ ನುಣ್ಣನೆಯ ಕಾಲು, ಮೇಲೆ ಹರಿತವಾದ ಹಲ್ಲು. ಅಂಚು ದುಂಡಗಾಗಲು ಒಂದು ಬಿಟ್, ಉದ್ದನೆಯ ತೋಡು ತೆಗೆಯಲು ಇನ್ನೊಂದು, ಹೂವಿಗೆ ಮತ್ತೊಂದು. ಅಣ್ಣ ತಮ್ಮ ಅವನ್ನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಬೇಕಾದಾಗ ಡಬ್ಬಿ ಅಲ್ಲಾಡಿಸಿ, ಬೆರಳಾಡಿಸಿ ಹುಡುಕಿ ತೆಗೆಯುತ್ತಿದ್ದರು. ಹಾಗೆ ಅಲ್ಲಾಡಿಸುವಾಗ ಉಕ್ಕು ಉಕ್ಕಿಗೆ ಬಡಿದು ಒಂದು ಬಿಟ್ಟಿನ ಹಲ್ಲು ಬಿರುಕು ಬಿಟ್ಟಿತ್ತು. ಅದು ಕಣ್ಣಿಗೆ ಕಾಣುವಂಥ ಬಿರುಕಲ್ಲ.

ಒಂದು ದಿನ ತಮ್ಮ ಅದನ್ನೇ ಯಂತ್ರಕ್ಕೆ ಸಿಕ್ಕಿಸಿದ. ಯಂತ್ರ ತಿರುಗತೊಡಗಿತು. ಒಮ್ಮೆಲೇ ದನಿ ಬದಲಾಯಿತು, ಏನೋ ಸಿಡಿಯಿತು. ಹಲ್ಲಿನ ಚೂರು ತಮ್ಮನ ಕಿವಿಯ ಪಕ್ಕದಲ್ಲೇ ಹಾದುಹೋಗಿ ಬಾಗಿಲ ಚೌಕಟ್ಟಿಗೆ ನಾಟಿತು.

ತಮ್ಮ ಯಂತ್ರ ಬಂದ್ ಮಾಡಿ, ಕಿವಿ ಮುಟ್ಟಿಕೊಂಡು ನೋಡಿ, ನಕ್ಕ. ಅಣ್ಣನಿಗೆ ನಗಲು ಆಗಲಿಲ್ಲ. ಮರದ ಹೊಟ್ಟಿನ ರಾಶಿಯ ಮೇಲೆ ಕುಕ್ಕರಿಸಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಚೌಕಟ್ಟಿಗೆ ನಾಟಿದ ಚೂರನ್ನು ಉಗುರಿನಿಂದ ಕೀಳಲು ನೋಡಿದ. ಬರಲಿಲ್ಲ. ಗಟ್ಟಿ ಮರದೊಳಗೆ ಅಷ್ಟು ಆಳ ಇಳಿದಿತ್ತು. ತಲೆಬುರುಡೆ ಇದಕ್ಕಿಂತ ಗಟ್ಟಿಯೇ ಎಂದು ಅವನ ಮನಸ್ಸು ಕೇಳಿತು.

ಅವತ್ತಿನಿಂದ ಭಯ ಅವನನ್ನು ಬಿಡಲಿಲ್ಲ. ತಮ್ಮ ಯಂತ್ರ ಹಚ್ಚಿದರೆ ಸಾಕು, ಅಣ್ಣನ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಸದ್ದು ಸರಿಯಾಗಿಯೇ ಇದ್ದರೂ ಈಗ ಬದಲಾಗುತ್ತದೆ, ಈಗ ಸಿಡಿಯುತ್ತದೆ ಎಂದು ಕಾಯುತ್ತಿದ್ದ. ಗಿರಾಕಿಗಳು ಎದುರಿಗೆ ನಿಂತು ಮಾತಾಡುತ್ತಿದ್ದರೆ ಇವನ ಕಣ್ಣು ತಮ್ಮನ ಕಿವಿಯ ಪಕ್ಕದ ಜಾಗದಲ್ಲಿ ನೆಟ್ಟಿರುತ್ತಿತ್ತು. ಉದ್ದ ಇಷ್ಟು, ಅಗಲ ಇಷ್ಟು ಎಂದು ಅವರು ಹೇಳಿದ್ದು ಇವನ ತಲೆಗೆ ಹೋಗುತ್ತಿರಲಿಲ್ಲ.

"ಇಲ್ಲಿಯತನಕ ಅಂವಂದೇನೂ ತಪ್ಪಿಲ್ಲ," ಎಂದರು ಅಜ್ಜನವರು. "ಅಂಜಬೇಕಾದಲ್ಲಿ ಅಂಜಲಾರದವ ಬಡಗಿ ಅಲ್ಲ, ಹುಂಬ."

ಕಲ್ಲವ್ವನಿಗೆ ಸ್ವಲ್ಪ ಸಮಾಧಾನವಾಯಿತು. ತಲೆಯಾಡಿಸಿದಳು. ಅಜ್ಜನವರು ಮುಂದುವರಿಸಿದರು.

ಅಣ್ಣ ಡಬ್ಬಿಯನ್ನು ಎಸೆದ. ಬಿಟ್‌ಗಳಿಗೆಂದೇ ಒಂದು ಮರದ ಕಪಾಟು ಮಾಡಲು ಕೂತ. ಅದೂ ಸರಿಯಾದ ಕೆಲಸವೇ. ಕಪಾಟಿಗೆ ಎಳೆಯುವ ಖಾನೆಗಳು, ಖಾನೆಯೊಳಗೆ ದಪ್ಪ ಹಲಗೆ, ಹಲಗೆಯಲ್ಲಿ ತೂತುಗಳು. ಒಂದು ಬಿಟ್ಟಿಗೆ ಒಂದು ತೂತು. ಕಾಲು ತೂತಿನೊಳಗೆ, ಹಲ್ಲು ಮೇಲೆ. ಹೀಗೆ ನಿಲ್ಲಿಸಿದರೆ ಒಂದಕ್ಕೊಂದು ತಾಗುವುದಿಲ್ಲ.

ಆಗ ಬೇಸಿಗೆ. ಮರ ಒಣಗಿ ಗರಿಗರಿಯಾಗಿತ್ತು. ಇಂಥ ತೂತನ್ನು ಬಿಟ್ಟಿನ ಕಾಲಿಗಿಂತ ಕೂದಲೆಳೆಯಷ್ಟು ಸಡಿಲ ಕೊರೆಯಬೇಕು. ಎರಡು ಬೆರಳಲ್ಲಿ ಎತ್ತಿದರೆ ಹೂವಿನಂತೆ ಬರಬೇಕು. ಇದು ಅಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಆ ಊರಿನ ಮನೆಮನೆಗೆ ಬಾಗಿಲು ಮಾಡಿ ಕೂರಿಸಿದವನು ಅವನೇ, ಮಳೆಗಾಲದಲ್ಲಿ ಮರ ಉಬ್ಬುತ್ತದೆಂದು ಪ್ರತಿ ಬಾಗಿಲಿಗೂ ಸಂದು ಬಿಟ್ಟವನೂ ಅವನೇ. ಅವನ ಕೈಯಿಂದ ಆದ ಬಾಗಿಲು ಆಷಾಢದಲ್ಲಿ ಬಿಗಿಯಿತೆಂದು ಒಬ್ಬರೂ ದೂರಿರಲಿಲ್ಲ. ಅಂಥವನು ಈ ಕಪಾಟಿನ ಒಂದೊಂದು ತೂತನ್ನೂ ಬಿಟ್ಟಿನ ಕಾಲಿನ ಸರಿಸಮಕ್ಕೆ ಕೊರೆದ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಒಳಗೆ ಇಳಿಸಿದ.

ತಮ್ಮ ನೋಡಿ ಹೇಳಿದ: "ಅಣ್ಣಾ, ತೂತು ಭಾಳ ಬಿಗಿ ಆದ್ವು. ಮಳಿ ಹಿಡದ್ರ ಕಟಗಿ ಉಬ್ಬತೈತಿ. ನೀನ ಕಲಿಸಿದ್ದಲ್ಲ?"

"ಸಡ್ಲ ಬಿಟ್ರ ಅಲಗತಾವು. ಅಲಗಿದ್ರ ಒಂದಕ್ಕೊಂದು ಬಡೀತಾವು," ಎಂದ ಅಣ್ಣ. "ಬಡದ್ರ ಏನಾಗತೈತಿ ಅಂತ ನಾ ಕಣ್ಣಾರೆ ನೋಡೀನಿ."

ಅಣ್ಣ ಹೆದರಿರುವುದು ತನಗೋಸ್ಕರ ಎಂದು ತಮ್ಮನಿಗೆ ಗೊತ್ತಿತ್ತು. ನಮ್ಮ ಮೇಲಿನ ಮಾಯೆಯಿಂದ, ಅಕ್ಕರೆಯಿಂದ ಹೆದರಿದವರ ಎದುರು ವಾದ ಮಾಡುವುದು ಬಹಳ ಕಷ್ಟ.

ಕಪಾಟು ಮುಗಿಯಿತು. ನೋಡಿದವರೆಲ್ಲ ಭೇಷ್ ಅಂದರು. ಅಣ್ಣ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ, ಕಣ್ಣು ತುಂಬ ನಿದ್ದೆ ಮಾಡಿದ. ಆದರೆ ಆ ಸುಖ ಬಾಳಲಿಲ್ಲ. ಬಿಟ್‌ಗಳನ್ನು ದಿನಾ ತೆಗೆದು ದಿನಾ ಹಾಕಿದರೆ ತೂತು ಸವೆದು ಸಡಿಲವಾದೀತಲ್ಲ ಎಂಬ ಯೋಚನೆ ಬಂತು. ಬೇಕಿಲ್ಲದೆ ತೆಗೆಯಬೇಡ ಎಂದ ತಮ್ಮನಿಗೆ. ಕೆಲವು ದಿನ ಕಳೆದ ಮೇಲೆ, ಇಷ್ಟು ಸಣ್ಣ ಕೆಲಸಕ್ಕೆ ಬಿಟ್ ಯಾಕೆ, ಉಳಿಯಲ್ಲೇ ಕೊರೆ ಎಂದ. ಇನ್ನೂ ಕೆಲವು ದಿನಕ್ಕೆ ದೊಡ್ಡ ಕೆಲಸಕ್ಕೂ ಅದೇ ಮಾತು. ಯಂತ್ರದ ಮೇಲೆ ಧೂಳು ಕೂತಿತು. ಯಂತ್ರ ಸುಮ್ಮನಿದ್ದುದರಿಂದ ಅಣ್ಣನಿಗೆ ನೆಮ್ಮದಿಯಾಯಿತು ಎಂದುಕೊಳ್ಳಬೇಡ ತಂಗಿ. ಈಗ ಉಳಿ ಜಾರೀತೆಂದು ಹೆದರಿದ. ಗರಗಸ ಹಿಡಿದರೆ ಗರಗಸಕ್ಕೆ ಹೆದರಿದ. ತಮ್ಮ ಏಣಿ ಹತ್ತಿದರೆ ಕೆಳಗೆ ನಿಂತು ಏಣಿಯ ಕಾಲು ತಬ್ಬಿಕೊಳ್ಳುತ್ತಿದ್ದ. ಅವನು ಇಳಿಯುವಷ್ಟರಲ್ಲಿ ಇವನ ಅಂಗಿ ಬೆವರಿನಿಂದ ಒದ್ದೆಯಾಗಿರುತ್ತಿತ್ತು.

ತಮ್ಮ ಎಲ್ಲವನ್ನೂ ನುಂಗಿಕೊಂಡು ಹೋದ. ಮೊದಲು ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಿದ್ದವನು ಈಗ ಬಾಯಿ ಮುಚ್ಚಿದ್ದ. ಅಣ್ಣನಿಗೆ ಅದು ಗೊತ್ತಾಗಲೇ ಇಲ್ಲ. ಅವನು ತಮ್ಮನ ಕೈಯನ್ನೇ ನೋಡುತ್ತಿದ್ದ, ಮುಖ ನೋಡಲು ಅವನಿಗೆ ಪುರಸೊತ್ತಿರಲಿಲ್ಲ.

ಮಳೆ ಹಿಡಿಯಿತು. ಜಡಿ ಬಿಡದೆ ಸುರಿಯಿತು. ಶೆಡ್ಡಿನೊಳಗಿನ ಗಾಳಿಯೇ ಹಸಿಯಾಯಿತು. ಕಪಾಟಿನ ಮರ ನೀರು ಕುಡಿದು ಉಬ್ಬಿತು. ಬಿಟ್‌ಗಳ ಕಾಲಿಗೆ ತುಕ್ಕು ಹಿಡಿಯಿತು. ಒಂದು ಕಡೆಯಿಂದ ಮರ, ಇನ್ನೊಂದು ಕಡೆಯಿಂದ ತುಕ್ಕು, ಎರಡೂ ಸೇರಿ ಬಿಟ್‌ಗಳನ್ನು ಕಚ್ಚಿ ಹಿಡಿದವು.

ಅದೇ ಹೊತ್ತಿಗೆ ಒಬ್ಬರ ಹೊಸ ಮನೆಯ ತಲೆಬಾಗಿಲಿಗೆ ಬಳ್ಳಿ ಕೊರೆದುಕೊಡುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ. ಉಳಿಯಲ್ಲಿ ಮುಗಿಯುವ ಕೆಲಸವಲ್ಲ. ಅಣ್ಣನನ್ನು ಕೇಳಿದರೆ ಬೇಡ ಎನ್ನುತ್ತಾನೆ. ಅದಕ್ಕೆ ಅಣ್ಣ ಹೊರಗೆ ಹೋದ ಹೊತ್ತು ನೋಡಿ ಕಪಾಟಿನ ಮುಂದೆ ಕೂತ. ಖಾನೆ ಎಳೆದ, ಬರಲಿಲ್ಲ. ಗುದ್ದಿ ಗುದ್ದಿ ಎಳೆದಾಗ ನರಳುತ್ತ ಬಂತು. ಬೇಕಾದ ಬಿಟ್ಟನ್ನು ಹಿಡಿದೆತ್ತಿದ. ಅಲುಗಲಿಲ್ಲ. ಕಾಲು ಪೂರ್ತಿ ತೂತಿನೊಳಗೆ ಹುದುಗಿತ್ತು. ಹಿಡಿಯಲು ಸಿಕ್ಕುವುದು ಹಲ್ಲು ಮಾತ್ರ.

ತಮ್ಮ ಅವಸರ ಮಾಡಲಿಲ್ಲ, ಅವನು ಅಣ್ಣನ ಕೈಯಲ್ಲೇ ಪಳಗಿದವನು. ಹೆಗಲ ಮೇಲಿನ ಟವಲನ್ನು ಮಡಚಿ ಹಲ್ಲಿಗೆ ಸುತ್ತಿ, ಅಂಗೈಯಲ್ಲಿ ಹಿಡಿದು, ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಹೊರಳಿಸತೊಡಗಿದ. ತುಕ್ಕು ಕಿರುಗುಟ್ಟಿತು. ಬಿಟ್ ತುಸುವೇ ಸಡಿಲವಾಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅದು ತಾನಾಗಿ ಕೈಗೆ ಬರುತ್ತಿತ್ತು.

ಆಗ ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

ತಮ್ಮನ ಮುಷ್ಟಿಯೊಳಗೆ ಉಕ್ಕಿನ ಹಲ್ಲು. ಸುತ್ತಿದ ಟವಲು ಅಣ್ಣನಿಗೆ ಕಾಣಲಿಲ್ಲ. ತಮ್ಮನ ನಿಧಾನವೂ ಕಾಣಲಿಲ್ಲ. ಇಷ್ಟು ದಿನ ಹಗಲೂ ಇರುಳೂ ಹೆದರಿದ್ದು ಇವತ್ತು ಆಗಿಯೇ ಹೋಯಿತು ಎಂದುಕೊಂಡ. "ಬ್ಯಾಡೋ ತಮ್ಮಾ!" ಎಂದು ಕೂಗಿ, ಒಂದೇ ನೆಗೆತಕ್ಕೆ ಹೋಗಿ, ತಮ್ಮನ ಮಣಿಕಟ್ಟು ಹಿಡಿದು ಇದ್ದಬದ್ದ ಬಲವೆಲ್ಲ ಹಾಕಿ ಎಳೆದ.

ಅಲ್ಲಿಯವರೆಗೆ ಬಾರದ ಬಿಟ್ ಆಗ ಬಂತು. ಟವಲು ಜಾರಿತು. ಹಲ್ಲು ತಮ್ಮನ ಅಂಗೈಯನ್ನು ಈ ತುದಿಯಿಂದ ಆ ತುದಿಗೆ ಸೀಳಿತು.

ಗಾಯವನ್ನು ವೈದ್ಯರು ಹೊಲಿದರು. ಆದರೆ ಒಳಗಿನ ನರ ತುಂಡಾಗಿತ್ತು. ಎರಡು ಬೆರಳು ಮತ್ತೆ ಮಡಚಲಿಲ್ಲ. ಉಳಿ ಹಿಡಿಯುವ ಕೈ ಅದು. ಯಂತ್ರ ಅವನನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಕಲ್ಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. "ಆಮ್ಯಾಲರ ಅಂವಗ ತಿಳೀತೇನ್ರೀ ಅಜ್ಜಾರ? ಆ ಕಪಾಟ ಒಡದು ಒಲಿಗೆ ಹಾಕಿರಬೇಕಲ?"

"ಎಲ್ಲಿ ತಿಳೀತದ!" ಎಂದರು ಅಜ್ಜನವರು. ಅವರ ದನಿಯಲ್ಲಿ ಸಿಟ್ಟಿತ್ತು, ಆ ಸಿಟ್ಟಿನೊಳಗೆ ದುಃಖವೂ ಇತ್ತು.

ಅಣ್ಣ ಕಪಾಟಿನ ಮುಂದೆ ಕೂತು ಅತ್ತ. ಅತ್ತು ಅತ್ತು ಕೊನೆಗೆ ಒಂದು ನಿರ್ಧಾರಕ್ಕೆ ಬಂದ. ತೂತು ಬಿಗಿಯಾಗಿದ್ದರಿಂದ ಹೀಗಾಗಲಿಲ್ಲ, ತಮ್ಮ ಖಾನೆ ತೆರೆದದ್ದರಿಂದ ಹೀಗಾಯಿತು. ತೆರೆಯದಿದ್ದರೆ ಏನೂ ಆಗುತ್ತಿರಲಿಲ್ಲ. ಹೀಗೆಂದುಕೊಂಡವನೇ ಸುತ್ತಿಗೆ ತಂದ, ಉದ್ದನೆಯ ಮೊಳೆ ತಂದ. ಒಂದೊಂದೇ ಖಾನೆಯನ್ನು ಕಪಾಟಿಗೆ ಸೇರಿಸಿ ಜಡಿಯತೊಡಗಿದ.

ಕೈಗೆ ಪಟ್ಟಿ ಕಟ್ಟಿಕೊಂಡ ತಮ್ಮ ಬಾಗಿಲಲ್ಲಿ ನಿಂತು ನೋಡಿದ. ಕೊನೆಯ ಮೊಳೆ ಇಳಿದ ಮೇಲೆ ಹೇಳಿದ: "ಅಣ್ಣಾ, ನನಗ ಯಂತ್ರದ ಅಂಜಿಕಿ ಎಂದೂ ಇರ್ಲಿಲ್ಲ. ಈಗ ನಿನ್ನ ಹೆಜ್ಜಿ ಸಪ್ಪಳ ಕೇಳಿದ್ರ ನನ್ನ ಎದಿ ನಡಗತೈತಿ."

ಅಣ್ಣ ತಿರುಗಿ ನೋಡಿದ. ಎಷ್ಟೋ ದಿನದ ಮೇಲೆ ಅವನು ತಮ್ಮನ ಮುಖ ನೋಡಿದ್ದು. ಆ ಮುಖದ ಮೇಲಿದ್ದ ಹೆದರಿಕೆ ಅವನಿಗೆ ಹೊಸದಲ್ಲ, ಅಷ್ಟು ದಿನ ತಾನೇ ಹೊತ್ತು ತಿರುಗಿದ್ದ ಹೆದರಿಕೆ. ಅವನು ಸುತ್ತಿಗೆ ಕೆಳಗಿಟ್ಟು ಹೊರಗೆ ಬಂದ. ಅಷ್ಟರಲ್ಲಿ ತಮ್ಮನು ತನ್ನ ಹೆಂಡತಿಯನ್ನು ಕರೆದುಕೊಂಡು ಮಳೆಯಲ್ಲಿ ಹೊರಟುಬಿಟ್ಟಿದ್ದ. ಅವನು ಯಾವ ಊರಿಗೆ ಹೋದನೆಂದು ಅಣ್ಣನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಕಲ್ಲವ್ವ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಖರೆ ಅಜ್ಜಾರ, ಅಂವ ಮಾಡಿದ್ದೆಲ್ಲಾ ತಮ್ಮನ ಮ್ಯಾಲಿನ ಮಾಯಾದಿಂದ ಅಲ್ಲೇನ್ರೀ?"

"ಹೌದವಾ. ಮಾಯಾದಿಂದ."

ಅವಳು ತಲೆ ಎತ್ತಿದಳು. ಬಂದಾಗ ಕೇಳಿದ್ದ ಅದೇ ಧಾಟಿ ಮತ್ತೆ ದನಿಗೆ ಬಂದಿತ್ತು. "ಅಂವ ಬಿಡ್ರಿ, ಅತೀ ಮಾಡಿದ. ನಾ ಏನ್ ಮಗಳನ್ನ ಮೊಳಿ ಜಡದು ಇಟ್ಟೀನೇನ್ರೀ? ಮನ್ಯಾಗ ಆರಾಮ ಅದಾಳ."

ಅಜ್ಜನವರು ಕೇಳಿದರು: "ಹಂಗಾದ್ರ ಹೇಳು ತಂಗಿ, ನೀ ಇಲ್ಲಿಗೆ ಬರುವಾಗ ಮನಿ ಬಾಗಲಕ್ಕ ಮಗಳು ಒಳಗಿಂದ ಚಿಲಕಾ ಹಾಕ್ಕೊಂಡಳೋ, ನೀ ಹೊರಗಿಂದ ಕೀಲಿ ಹಾಕಿ ಬಂದಿಯೋ?"