ಹುಣ್ಣಿಮೆ ಕಳೆದರೆ ಕೈ ಬದಲು

ಒಂದು ಹೊಳೆಯ ದಂಡೆಯಲ್ಲಿ ಮರುಳಯ್ಯಜ್ಜನ ಮಠವಿತ್ತು. ಆ ಮಠದ ಸಾರಿನ ವಾಸನೆಗೆ ಹೊಳೆಯ ಮೊಸಳೆಗಳು ದಿನವಿಡೀ ಬಾಯಿ ತೆರೆದುಕೊಂಡೇ ಮಲಗುತ್ತಿದ್ದವು. ನಂಬದವರು ಹೋಗಿ ಮೊಸಳೆಗಳನ್ನೇ ಕೇಳಬಹುದು.

ಮಠದಲ್ಲಿ ಯಾರ ಕೆಲಸ ಅವರದು. ಕೊಟ್ರಯ್ಯ ಗೌರಿ ಎಂಬ ಹಸುವನ್ನು ನೋಡಿಕೊಳ್ಳುತ್ತಿದ್ದ. ಚನ್ನವೀರ ಹರಿಗೋಲು ಹಾಕುತ್ತಿದ್ದ. ಗುರುಬಸ ತೋಟ ಮಾಡುತ್ತಿದ್ದ. ಸಾರಿನ ಕೀರ್ತಿಯೆಲ್ಲ ಅಡುಗೆಯ ಸಾಂತಪ್ಪನದು.

ಒಂದು ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಅಜ್ಜ ತಮ್ಮ ಕಂಬಳಿಯ ಮುಂದೆ ಸೌಟು, ಗುದ್ದಲಿ, ಹಾಲಿನ ತಂಬಿಗೆ, ಹರಿಗೋಲಿನ ಹುಟ್ಟು ಎಲ್ಲವನ್ನೂ ತರಿಸಿಟ್ಟರು. ಸೌಟನ್ನು ಗುರುಬಸನಿಗೆ ಕೊಟ್ಟರು, ಗುದ್ದಲಿಯನ್ನು ಸಾಂತಪ್ಪನಿಗೆ. ತಂಬಿಗೆ ಚನ್ನವೀರನ ಕೈಗೆ ಹೋಯಿತು, ಹುಟ್ಟು ಕೊಟ್ರಯ್ಯನ ಕೈಗೆ ಬಂತು.

ಕೆಲಸ ಬಿಡುವವನು ಹಿಡಿಯುವವನ ಕಿವಿಯಲ್ಲಿ ಅದರ ಗುಟ್ಟು ಹೇಳಿಬಿಡಲಿ ಎಂದರು. ಯಾಕೆ ಹೀಗೆ ಎಂದು ಯಾರಿಗೂ ತಿಳಿಯಲಿಲ್ಲ.

ಕೊಟ್ರಯ್ಯ ಹುಟ್ಟನ್ನು ಕೆಳಗಿಟ್ಟ. ಗೌರಿ ತುಂಬಿದ ಗಬ್ಬ. ಇನ್ನೊಂದು ವಾರವೋ ಹತ್ತು ದಿನವೋ ಎನ್ನುವ ಹಾಗಿದ್ದಳು.

"ಅಜ್ಜಾರೇ, ಅವಳು ಈಯುವ ತನಕ ನನ್ನನ್ನು ಬಿಡಿ. ಬೇರೆಯವರು ಮುಟ್ಟಿದರೆ ಅವಳು ಉಳಿಯೋದಿಲ್ಲ."

"ನೀನು ಮುಟ್ಟಿದರೆ?"

"ನಾನು ಮುಟ್ಟಿದರೆ ಏನೂ ಆಗೋದಿಲ್ಲ."

"ಹಾಗಾದರೆ ಹುಟ್ಟು ಹಿಡಿ" ಎಂದು ಅಜ್ಜ ಎದ್ದುಹೋದರು.

ಇದು ಯಾವ ಸೀಮೆಯ ಉತ್ತರ ಎಂದು ಗೊಣಗುತ್ತಾ ಕೊಟ್ರಯ್ಯ ಹುಟ್ಟನ್ನು ಎತ್ತಿಕೊಂಡ.

ಕಿವಿಯಲ್ಲಿ ಹೇಳುವ ಶಾಸ್ತ್ರ ನಡೆಯಿತು. ಹುಲ್ಲು ಎಷ್ಟು, ಹಿಂಡಿ ಎಷ್ಟು, ನೀರು ಯಾವಾಗ ಎಂದು ಕೊಟ್ರಯ್ಯ ಎಲ್ಲ ಹೇಳಿದ. ಒಂದನ್ನು ಮಾತ್ರ ಇಟ್ಟುಕೊಂಡ. ಅದಿಲ್ಲದೆ ಚನ್ನವೀರ ಸೋತು ತನ್ನನ್ನು ಕರೆಯಲೇಬೇಕು ಎಂಬುದು ಅವನ ಲೆಕ್ಕ. ಚನ್ನವೀರನೂ ಸುಳಿ ಎಲ್ಲಿ, ಬಂಡೆ ಎಲ್ಲಿ ಎಂದೆಲ್ಲ ಹೇಳಿ, ತಾನೂ ಒಂದನ್ನು ಇಟ್ಟುಕೊಂಡ. ಅವನ ಲೆಕ್ಕವೂ ಅದೇ.

ಅಂದಿನಿಂದ ಮಠ ತಲೆಕೆಳಗಾಯಿತು.

ಗುರುಬಸ ಸಾರು ಮಾಡಿದ. ಮೊಸಳೆಗಳು ಬಾಯಿ ಮುಚ್ಚಿದವು.

ಆದರೆ ಸಾಂತಪ್ಪ ತೋಟಕ್ಕಿಳಿದ ಮೇಲೆ ಬದನೆಕಾಯಿ ಎಳಸಾಗಿರುವಾಗಲೇ ಒಲೆಗೆ ಬರತೊಡಗಿತು. ಅಲ್ಲಿಯವರೆಗೆ ಗುರುಬಸ ಅವುಗಳನ್ನು ಕುಂಬಳಕಾಯಿಯ ಗಾತ್ರಕ್ಕೆ ಬೆಳೆಸಿ ಮೀಸೆ ತಿರುವುತ್ತಿದ್ದ. ಹಾಗಾಗಿ ಪಲ್ಯದ ರುಚಿ ಏರಿತು, ಸಾರಿನದು ಇಳಿಯಿತು. ಕೈ ಬದಲಿಸಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಪಂಕ್ತಿಯಲ್ಲಿ ಕೂತವರಿಗೆ ಹೇಳಲಾಗಲಿಲ್ಲ. ಅಜ್ಜ ಮಾತ್ರ ಎರಡನ್ನೂ ಕಲಸಿ ಉಂಡರು.

ಕೊಟ್ರಯ್ಯನ ಹರಿಗೋಲು ನಿಂತಲ್ಲೇ ಬುಗುರಿಯ ಹಾಗೆ ಸುತ್ತಿತು. ಆಚೆ ದಡಕ್ಕೆ ಹೊರಟ ಭಕ್ತರು ಎಲ್ಲ ದಿಕ್ಕುಗಳ ದರ್ಶನ ಮುಗಿಸಿ, ಹತ್ತಿದ ದಡದಲ್ಲೇ ಇಳಿದರು. ಅವರಲ್ಲೊಬ್ಬ ಮುದುಕಿ, ಆಚೆ ದಡವೂ ಥೇಟ್ ಈಚೆ ದಡದ ಹಾಗೇ ಇದೆಯಲ್ಲ ಎಂದು ಕೈಮುಗಿದು ಹೊರಟುಹೋದಳು.

ಒಂದು ಮಧ್ಯಾಹ್ನ ಕೊಟ್ರಯ್ಯ ನಡುಹೊಳೆಯಲ್ಲಿ ಒಬ್ಬನೇ ಸುತ್ತುತ್ತಿದ್ದಾಗ ಕೊಟ್ಟಿಗೆಯಿಂದ ಗೌರಿಯ ಕೂಗು ಕೇಳಿತು. ಅದು ಹಸಿವಿನ ಕೂಗಲ್ಲ.

ಹರಿಗೋಲು ಒಮ್ಮೆ ಮಠದ ಕಡೆ ಮುಖ ಮಾಡಿತು, ಒಮ್ಮೆ ಬೆನ್ನು ಮಾಡಿತು. ಕೂಗು ಎಡಗಿವಿಯಲ್ಲಿ ಕೇಳಿತು, ಬಲಗಿವಿಯಲ್ಲಿ ಕೇಳಿತು. ಅವನು ಬಲವೆಲ್ಲ ಹಾಕಿ ತಳ್ಳಿದಷ್ಟೂ ಅದು ಜೋರಾಗಿ ಸುತ್ತಿತು.

ಚನ್ನವೀರ ಕುಂಟುತ್ತಾ ದಂಡೆಗೆ ಓಡಿಬಂದ. ಮೈತುಂಬ ಹುಲ್ಲು, ಸಗಣಿ. ಕರುವಿನ ಕಾಲು ಹೊರಗೆ ಕಾಣುತ್ತಿದೆ, ಹಿಡಿದು ಎಳೆಯೋಣವೆಂದರೆ ಹತ್ತಿರ ಹೋದವನನ್ನು ಗೋಡೆಗೆ ಒದ್ದು ಹಾಕುತ್ತಾಳೆ ಎಂದು ಅರಚಿದ.

"ನನಗೆ ಹೇಳದೆ ಏನನ್ನೋ ಇಟ್ಟುಕೊಂಡಿದ್ದೀಯ, ಕೊಟ್ರಾ."

"ನೀನೂ ಇಟ್ಟುಕೊಂಡಿದ್ದೀಯ. ಮೊದಲು ನಿನ್ನದು ಹೇಳು, ನಾನೇ ಬಂದು ಎಳೀತೀನಿ."

"ನಿನ್ನದು ಹೇಳು ಮೊದಲು."

ಗೌರಿ ಮತ್ತೆ ಕೂಗಿದಳು. ಈ ಸಲ ದನಿ ಸಣ್ಣದಾಗಿತ್ತು.

ಕೊಟ್ರಯ್ಯ ಹುಟ್ಟನ್ನು ಮಡಿಲಲ್ಲಿ ಹಾಕಿಕೊಂಡ.

"ಅವಳಿಗೆ ಎಡಗಣ್ಣು ಕಾಣೋದಿಲ್ಲ, ಚನ್ನೀರ. ನಾನು ಯಾವಾಗಲೂ ಆ ಕಡೆ ಗೋಡೆ ಬರೋ ಹಾಗೆ ಕಟ್ಟುತ್ತಿದ್ದೆ. ಬಲಗಡೆಯಿಂದ ಹೋಗು. ಮುಟ್ಟೋ ಮುಂಚೆ ಮಾತಾಡಿಸು."

ಗಾಳಿ ಬರಲಿ ಎಂದು ಚನ್ನವೀರ ಅವಳನ್ನು ತಿರುಗಿಸಿ ಕಟ್ಟಿದ್ದ.

ಕೊಟ್ಟಿಗೆಯ ಕಡೆ ಓಡಿದವನು ಅರ್ಧ ದಾರಿಯಲ್ಲಿ ತಿರುಗಿ ಕೂಗಿದ: "ಹಿಂದೆ ಕೂತು ತಳ್ಳಬೇಡ. ಮುಂದೆ ಕೂತು ನೀರನ್ನು ನಿನ್ನ ಕಡೆ ಎಳ್ಕೋ."

ಕೊಟ್ರಯ್ಯ ಮುಂದೆ ಸರಿದು ಕೂತ. ಎಳೆದ. ಹರಿಗೋಲು ಇನ್ನೂ ಒಂದು ಸುತ್ತು ತಿರುಗಿ, ಮಠದ ಕಡೆ ಹೊರಟಿತು.

ಅವನು ಕೊಟ್ಟಿಗೆ ಮುಟ್ಟುವಾಗ ಕರು ನೆಲದ ಮೇಲಿತ್ತು. ಗೌರಿ ಅದನ್ನು ನೆಕ್ಕುತ್ತಿದ್ದಳು. ಚನ್ನವೀರ ಅವಳ ಬಲಗಡೆ ಕೂತು ಅಳುತ್ತಿದ್ದ. ಗೌರಿ ಕೊಟ್ರಯ್ಯನನ್ನು ತಿರುಗಿಯೂ ನೋಡಲಿಲ್ಲ. ಅದರಿಂದ ಅವನಿಗೆ ಖುಷಿಯಾಯಿತೋ ಸಂಕಟವಾಯಿತೋ ಅವನಿಗೇ ಗೊತ್ತಾಗಲಿಲ್ಲ.

ಸಂಜೆ ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರೇ, ಕೈ ಬದಲಿಸಿದ್ದಕ್ಕೇ ಗೌರಿ ಇವತ್ತು ಸಾಯುತ್ತಿದ್ದಳು. ಬದಲಿಸದೇ ಇದ್ದಿದ್ದರೆ ನಾನು ಸತ್ತ ದಿನ ಸಾಯುತ್ತಿದ್ದಳು. ಇದರಲ್ಲಿ ಯಾವುದು ಸರಿ?"

ಅಜ್ಜ, ಗಿಣ್ಣದ ಹಾಲು ಯಾವಾಗ ಎಂದು ಕೇಳಿದರು.

ಮುಂದಿನ ಹುಣ್ಣಿಮೆ ಕಳೆಯಿತು. ಸಾಂತಪ್ಪನಿಗೆ ಮತ್ತೆ ಸೌಟು ಸಿಕ್ಕಿತು. ಮೊಸಳೆಗಳು ನಿಟ್ಟುಸಿರು ಬಿಟ್ಟವು. ಗುರುಬಸ ಗುದ್ದಲಿ ಹಿಡಿದು, ಎಳೆಯ ಬದನೆಕಾಯಿಗಳ ಕಡೆ ನಡೆದ. ಚನ್ನವೀರ ತಂಬಿಗೆಯನ್ನು ಬಿಡಲೊಲ್ಲೆ ಎಂದ, ಅಜ್ಜ ಇರಲಿ ಎಂದರು. ಉಳಿದದ್ದು ಹುಟ್ಟು. ಕೊಟ್ರಯ್ಯ ಕೈ ಚಾಚಿದ.

ಅಜ್ಜ ಹುಟ್ಟನ್ನು ತಮ್ಮ ಹೆಗಲಿಗೇರಿಸಿಕೊಂಡರು. ತಾವು ಕೂತಿದ್ದ ಕಂಬಳಿಯನ್ನು ತೋರಿಸಿ, ನೀನು ಇಲ್ಲಿ ಎಂದು ಹೇಳಿ ಹೊಳೆಗಿಳಿದರು.

ಅಲ್ಲಿ ಕೂತವನನ್ನು ಬಂದ ಭಕ್ತರು ಏನೇನೋ ಕೇಳುತ್ತಾರೆ. ಹಸುವಿನ ಹೊಟ್ಟೆನೋವು ಬಿಟ್ಟರೆ ಕೊಟ್ರಯ್ಯನಿಗೆ ಬೇರೆ ನೋವು ಗೊತ್ತಿಲ್ಲ. ಅವನು ದಂಡೆಗೆ ಓಡಿದ.

ಅಜ್ಜ ಹರಿಗೋಲಿನ ಹಿಂದೆ ಕೂತು ತಳ್ಳುತ್ತಿದ್ದರು. ಅವರ ಗಡ್ಡ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುತ್ತುತ್ತಿತ್ತು.

"ಮುಂದೆ ಕೂತು ನೀರನ್ನು ಎಳ್ಕೊಳ್ಳಿ ಅಜ್ಜಾರೇ" ಎಂದು ಕೊಟ್ರಯ್ಯ ಕೂಗಿದ.

ಅಜ್ಜ ಮುಂದೆ ಸರಿದರು. ಹರಿಗೋಲು ನೆಟ್ಟಗಾಯಿತು.

"ನನ್ನದನ್ನು ಹೇಳಿಬಿಟ್ಟೆ. ಈಗ ಆ ಕಂಬಳಿಯ ಗುಟ್ಟು ಹೇಳಿ. ಒಂದನ್ನೂ ಇಟ್ಟುಕೊಳ್ಳಬೇಡಿ."

ಅಜ್ಜ ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದರು.

"ಅಲ್ಲಿ ಕೂತವನಿಗೆ ಒಂದು ಕಡೆ ಕಾಣೋದಿಲ್ಲ, ತಮ್ಮಾ. ಯಾವ ಕಡೆ ಅಂತ ನನಗೂ ಗೊತ್ತಿಲ್ಲ. ಹೊಸದಾಗಿ ಕೂತಿರೋವಾಗಲೇ ನೋಡಿ ಹೇಳು, ರೂಢಿಯಾದ ಮೇಲೆ ನಿನಗೂ ಗೊತ್ತಾಗೋದಿಲ್ಲ."