ಹಳೆಯ ಕಣದ ಹುಣಸೆ

"ಗುರುಗಳೇ, ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆಯೋ, ಮುರಿಯುತ್ತದೆಯೋ?" ಎಂದು ಶಿಷ್ಯ ಗುರುಪಾದ ಕೇಳಿದ. "ನಾನೂ ನನ್ನ ತಮ್ಮನೂ ಸೋದರಮಾವನ ಮನೆಯಲ್ಲಿ ಒಂದೇ ಬೈಗುಳ ತಿಂದು, ಒಂದೇ ಹಸಿವಿನಲ್ಲಿ ಬೆಳೆದವರು. ನಾನು ಮಠಕ್ಕೆ ಬಂದೆ, ನಿಂತೆ. ಅವನು ಕುಡಿತಕ್ಕೆ ಬಿದ್ದ. ಊರಿನವರು ಅವನನ್ನು ಕೈಲಾಗದವನು ಎನ್ನುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಹಾಗೆ ಅನ್ನಿಸಿದ ದಿನ ಊಟ ಸೇರುವುದಿಲ್ಲ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಆಸ್ತಿ ಪಾಲಾದಾಗ ಅವನಿಗೆ ಬಂದದ್ದು ಹಳೆಯ ಕಣದ ಜಾಗ. ತಲೆಮಾರುಗಳಿಂದ ಎತ್ತು ಕಟ್ಟಿ ತೆನೆ ತುಳಿಸಿದ ನೆಲ ಕಲ್ಲಿನಂತಾಗಿತ್ತು. ಅಲ್ಲಿ ಹುಣಸೆ ತೋಪು ಎಬ್ಬಿಸಬೇಕೆಂದು ಅವನ ಆಸೆ. ಮೇಲಿನ ಗೇಣು ಮಣ್ಣನ್ನು ಅಗೆದು, ಹಿಟ್ಟಿನಂತೆ ಪುಡಿ ಮಾಡಿ ಬೀಜ ಹಾಕಿದ. ಗಿಡಗಳು ಹುಲುಸಾಗಿ ಎದ್ದವು. ಮುಂದೆ ಒಂದು ಬಿರುಗಾಳಿಗೆ ಎಲ್ಲವೂ ಮಗುಚಿ ಬಿದ್ದವು. ಬೇರುಗಳು ಗಟ್ಟಿ ನೆಲವನ್ನು ಮುಟ್ಟಿದ ಕೂಡಲೇ ಅಡ್ಡ ತಿರುಗಿ, ಮೆದು ಮಣ್ಣಿನಲ್ಲೇ ಚಾಪೆಯಂತೆ ಹರಡಿದ್ದವು.

ಮುದ್ದು ಮಾಡಿ ಕೆಡಿಸಿದೆ ಎಂದುಕೊಂಡ ರೈತ. ಮರುವರ್ಷ ಅವನು ಅಗೆಯಲಿಲ್ಲ. ಮಳೆ ಬಿದ್ದ ಮೇಲೆ ಆ ಗಟ್ಟಿ ನೆಲಕ್ಕೇ ಹಾರೆ ಹಾಕಿ ಕುಳಿ ತೋಡುತ್ತ ಹೋದ. ಹೆಂಡತಿ ಹಿಂದಿನಿಂದ ಬೀಜ ಹಾಕುತ್ತ ಬಂದಳು. ಅವಳು ಹಿಂದೆ ಬಿದ್ದಾಗ ತಾನೇ ಅಷ್ಟಿಷ್ಟು ಬೀಜ ಹಾಕಿದ.

ಸಸಿಗಳು ಎದ್ದವು. ಕೆಲವು ಕುಳ್ಳಗಿದ್ದರೂ ಅಲುಗಾಡಿಸಿದರೂ ಅಲುಗುತ್ತಿರಲಿಲ್ಲ. ಕೆಲವು ಕುಳಿಯಿಂದ ತಾವೇ ಮೇಲಕ್ಕೆದ್ದು, ಮಗ್ಗುಲಾಗಿ ಒಣಗಿದವು. ಒಣಗಿದವುಗಳ ಪಕ್ಕದಲ್ಲೇ ಬದುಕಿದವು ನಿಂತಿದ್ದವು. ರೈತನಿಗೆ ಏನೂ ತಿಳಿಯಲಿಲ್ಲ. ಬೀಜ ಒಂದೇ ಮರದ್ದು, ಮಳೆ ಒಂದೇ, ನೆಲ ಒಂದೇ. ಒಣಗಿದವು ಜಳ್ಳು ಬೀಜ ಎಂದು ಬೈದು, ಆ ಕುಳಿಗಳಲ್ಲಿ ಹಲವಕ್ಕೆ ಬೇರೆ ಬೀಜ ಹಾಕಿದ. ಕೆಲವು ಕುಳಿಗಳ ತಳವನ್ನು ಇನ್ನಷ್ಟು ಕುಟ್ಟಿ ಗಟ್ಟಿ ಮಾಡಿದ. ಹಟಕ್ಕಾದರೂ ಬೇರಿಳಿಯಲಿ ಎಂದು. ಆ ಸಸಿಗಳು ಒಣಗಿದವು. ಕನಿಕರಪಟ್ಟು ಕೆಲವು ಕುಳಿಗಳ ಅಂಚನ್ನು ಸಡಿಲಿಸಿದ. ಅಲ್ಲಿನ ಸಸಿಗಳೂ ಒಣಗಿದವು. ಕುಟ್ಟಬೇಕೋ ಸಡಿಲಿಸಬೇಕೋ ತಿಳಿಯದೆ ಹಾರೆ ಹಿಡಿದು ನಿಂತುಬಿಟ್ಟ.

"ಮೇಲೆ ನಿಂತು ನೋಡಿದರೆ ಬೇರು ಕಾಣುತ್ತದೆಯೇ? ಅಗೆದಾದರೂ ನೋಡಿ," ಎಂದಳು ಹೆಂಡತಿ.

ಬದುಕಿದ್ದ ಒಂದು ಸಸಿಯ ಬದಿಗೆ ನೆಲ ಕಡಿದು ನೋಡಿದ. ಬೇರು ನೀಳವಾಗುವುದನ್ನು ನಿಲ್ಲಿಸಿ ದಪ್ಪವಾಗಿತ್ತು. ತುದಿಯ ಹಿಂದೆಯೇ ಊದಿಕೊಂಡು ಎರಡೂ ಬದಿಯ ಮಣ್ಣನ್ನು ಒತ್ತಿ ಹಿಡಿದಿತ್ತು. ಕೂದಲಿನಂಥ ಎಳೆಗಳು ಮಣ್ಣಿಗೆ ಅಂಟಿದ್ದವು. ಆ ಹಿಡಿತಕ್ಕೆ ಮುಂದಿನ ನೆಲದಲ್ಲಿ ಸಣ್ಣದೊಂದು ಬಿರುಕು ಬಿಟ್ಟಿತ್ತು. ತುದಿ ಆ ಬಿರುಕಿಗೆ ಇಳಿದಿತ್ತು. ಕುಡುಗೋಲಿನಿಂದ ಬೇರನ್ನು ಅಡ್ಡ ಕೊಯ್ದ. ಮೆದು ಮಣ್ಣಿನಲ್ಲಿ ಬೆಳೆದ ಬೇರಿನ ಹಾಗಿರಲಿಲ್ಲ. ಹೊರಸುತ್ತು ದಪ್ಪವಾಗಿತ್ತು. ಒಳಗಿನ ಕಟ್ಟೇ ಬದಲಾಗಿತ್ತು.

ಈ ಕುಳಿಗಳ ಮೊದಲ ಬಿತ್ತನೆಯಲ್ಲಿ ಒಣಗಿದ ಸಸಿಯೊಂದನ್ನು ಅಗೆದ. ಅದರ ತುದಿಯೂ ನೆಲಕ್ಕೆ ಗುದ್ದಿ ಗುದ್ದಿ ಮೊಂಡಾಗಿತ್ತು. ಅದೂ ಸೋಮಾರಿಯಲ್ಲ. ಆದರೆ ಸುತ್ತ ಇದ್ದದ್ದು ಬರೀ ಪೊಳ್ಳು, ಧೂಳು. ಹಿಡಿಯಲು ಏನೂ ಇಲ್ಲದೆ, ಕೆಳಕ್ಕೆ ಒತ್ತಿದಷ್ಟೂ ತಾನೇ ಮೇಲಕ್ಕೆದ್ದು, ಬಾಗಿ, ಬಿಸಿಲಿಗೆ ಬಿದ್ದಿತ್ತು.

"ಬೀಜ ಹಾಕಿ ನೀನೇನು ಮಾಡಿದೆ?" ಎಂದು ಹೆಂಡತಿಯನ್ನು ಕೇಳಿದ.

"ಏನು ಮಾಡಲಿ? ಸುತ್ತ ಮಣ್ಣು ತುಂಬಿ ಹೆಬ್ಬೆರಳಿನಿಂದ ಒತ್ತಿದೆ, ಅಷ್ಟೇ. ನೀವು?"

ತಾನು ಹಾಕಿದ ಬೀಜಗಳ ಮೇಲೆ ಅವನು ಕಾಲಿನಿಂದ ಒಂದಿಷ್ಟು ಸಡಿಲ ಮಣ್ಣು ತಳ್ಳಿ ಮುಂದೆ ಹೋಗಿದ್ದ.

ರೈತ ಕುಳಿಯ ಅಂಚಿನಲ್ಲೇ ಕುಳಿತ. ತಡೆದದ್ದೂ ಮಣ್ಣು, ಹಿಡಿದದ್ದೂ ಮಣ್ಣು. ಯಾವುದಕ್ಕೆ ಕೈಮುಗಿಯಲಿ, ಯಾವುದನ್ನು ಬೈಯಲಿ ಎಂದು ಅವನಿಗೆ ಕಡೆಗೂ ಬಗೆಹರಿಯಲಿಲ್ಲ. ಮುಂದಿನ ಮಳೆಗೆ ಬಿತ್ತಿದ ಪ್ರತಿಯೊಂದು ಬೀಜದ ಸುತ್ತ ಮೊಣಕಾಲೂರಿ ಮಣ್ಣು ಒತ್ತಿದ. ಎಲ್ಲವೂ ಬದುಕಲಿಲ್ಲ. ಹಾರೆಯೇ ಪುಟಿಯುವಂಥ ಜಾಗದಲ್ಲಿ ಒಂದೂ ಉಳಿಯಲಿಲ್ಲ. ಉಳಿದ ಕಡೆ ತೋಪು ಎದ್ದಿತು. ಆದರೆ ಒಣಗಿದ ಸಸಿಯನ್ನು ಅವನು ಮತ್ತೆಂದೂ ಜಳ್ಳು ಎನ್ನಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಗುರುಪಾದನಿಗೆ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

"ಹಾಗಾದರೆ ಗಟ್ಟಿ ನೆಲ ಒಳ್ಳೆಯದೋ ಕೆಟ್ಟದ್ದೋ? ತಾವು ಹೇಳಲೇ ಇಲ್ಲವಲ್ಲ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ನೀನು ಇಲ್ಲಿಗೆ ಬಂದ ಮೇಲೆ, ನಿನ್ನ ತಮ್ಮನ ಪಕ್ಕದಲ್ಲಿ ಯಾರಿದ್ದರು?"