ಬಿಚ್ಚಿದ ಹರಕೆಗಂಟುಗಳು

ಇದನ್ನು ನನಗಿಂತ ತಿಳಿದವರು ಬರೆಯಬೇಕಿತ್ತು. ನನಗೆ ಬರೆದು ರೂಢಿಯಿಲ್ಲ. ಎಲ್ಲಿ ಹೆಚ್ಚು ಹೇಳುವೆನೋ, ಎಲ್ಲಿ ಮುಖ್ಯವಾದುದನ್ನೇ ಬಿಡುವೆನೋ ಎಂಬ ಭಯ. ತಪ್ಪಿದ್ದರೆ ಅದು ನನ್ನದು, ತಾಯಿಯವರದಲ್ಲ. ಭಕ್ತರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪೂಜ್ಯ ಗುರುಬಸವ್ವ ತಾಯಿಯವರು ಆಗ ಕಲ್ಲಗುಡದೂರಿನ ಮಠದಲ್ಲಿದ್ದರು. ಮಠವೆಂದರೆ ದೊಡ್ಡದನ್ನು ಕಲ್ಪಿಸಿಕೊಳ್ಳಬಾರದು. ತಗಡಿನ ಚಾವಣಿಯ ಎರಡು ಕೋಣೆ, ಮುಂದೊಂದು ಪಡಸಾಲೆ, ಅಷ್ಟೆ. ಅಂದು ಶುಕ್ರವಾರ. ತಾಯಿಯವರು ಪೂಜೆ ಮುಗಿಸಿ, ಪಡಸಾಲೆಯಲ್ಲಿ ಕುಳಿತು ದಾಸೋಹದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

ಅವರ ತಲೆಯ ಮೇಲೆ, ತೊಲೆಯ ಉದ್ದಕ್ಕೂ ಕೆಂಪು ಬಟ್ಟೆಯ ಗಂಟುಗಳು ತೂಗುತ್ತಿದ್ದವು. ಇದನ್ನು ವಿವರಿಸದಿದ್ದರೆ ಮುಂದಿನದು ತಿಳಿಯದು. ಕಷ್ಟ ಬಂದವರು ಒಂದು ತೆಂಗಿನಕಾಯಿ, ಜೊತೆಗೆ ಆ ಕಷ್ಟಕ್ಕೆ ಸಂಬಂಧಿಸಿದ ಏನಾದರೊಂದನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಬೇರೆ ಬಾಗಿಲಿಗೆ, ಅದು ಆಸ್ಪತ್ರೆಯದಾದರೂ, ಹೋಗಬಾರದು. ಹರಕೆ ಫಲಿಸಿದಾಗ ಕಟ್ಟಿದವರೇ ಬಿಚ್ಚಬೇಕು. ನಡುವೆ ಬೇರೆ ಯಾರಾದರೂ ಬಿಚ್ಚಿದರೆ ಆ ಕಷ್ಟ ಬಿಚ್ಚಿದವರಿಗೆ ತಟ್ಟುತ್ತದೆ ಎಂದು ಊರಿನವರ ನಂಬಿಕೆ.

ಆ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಇಂದಿರವ್ವ ಬಂದಳು, ಹುಲಿಗೆವ್ವನ ರಟ್ಟೆ ಹಿಡಿದುಕೊಂಡು. ಹುಲಿಗೆವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುವವಳು. ಎದೆಯಲ್ಲಿ ಗಡ್ಡೆ. ಕ್ಯಾನ್ಸರ್ ಎಂದು ಪರೀಕ್ಷೆಯಲ್ಲಿ ಖಚಿತವಾಗಿತ್ತು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡಿನಲ್ಲಿ ಆಪರೇಷನ್ನು, ಔಷಧಿ ಎಲ್ಲಕ್ಕೂ ಒಪ್ಪಿಗೆ ಪತ್ರ ಬಂದಿತ್ತು. ಸೋಮವಾರದೊಳಗೆ ದಾಖಲಾಗದಿದ್ದರೆ ಮತ್ತೆ ಮೊದಲಿನಿಂದ ಓಡಾಟ. ಗಡ್ಡೆ ಅಷ್ಟು ದಿನ ಕಾಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಹುಲಿಗೆವ್ವ ಆ ಕಾರ್ಡು, ಪತ್ರ ಎರಡನ್ನೂ ಕಾಯಿಯ ಜೊತೆ ಕಟ್ಟಿಬಿಟ್ಟಿದ್ದಳು! ಕಾಗದವಾದರೆ ಇನ್ನೊಂದು ತೆಗೆಸಬಹುದಿತ್ತು. ಆದರೆ ಗಂಟು ತೂಗುತ್ತಿರುವವರೆಗೆ ಆಸ್ಪತ್ರೆಯ ಮೆಟ್ಟಿಲು ತುಳಿಯೆನೆಂದು ಅವಳು ಹಟ ಹಿಡಿದಿದ್ದಳು.

ಇಂದಿರವ್ವನಿಗೆ ಮಠದ ಮೇಲೆ ಮೊದಲಿನಿಂದಲೂ ಸಿಟ್ಟು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೇ ಬಂದಿದ್ದಳು. ಕೈಮುಗಿಯದೆ ಅಂಗಳದಲ್ಲೇ ನಿಂತು ಹೇಳಿದಳು: “ಅಮ್ಮಾರ, ನಾ ಹರಕಿ ಹೊರಾಕ ಬಂದಿಲ್ಲ. ನಿಮ್ಮ ತೊಲಿಗೆ ಒಂದು ಜೀವ ನೇತಾಡಾಕ ಹತ್ತೈತಿ. ಇಳಸ್ರಿ ಅದನ್ನ.”

“ನೀ ಸುಮ್ಮನಿರ ಇಂದಿರಾ,” ಎಂದು ಹುಲಿಗೆವ್ವ ರೇಗಿದಳು. “ಓಣಿಗೆಲ್ಲ ಕೇಳೋಹಂಗ ‘ಎದ್ಯಾಗ ಏನರ ಗಂಟು ಐತೇನ್ ಹುಲಿಗೆವ್ವಾ’ ಅಂತ ಒದರಿದಾಕಿ ನೀನ. ಡಂಗುರದವನಾದ್ರೂ ಅಷ್ಟು ಒದರಂಗಿಲ್ಲ.”

ತಾಯಿಯವರು ಮರವನ್ನು ಬದಿಗಿಟ್ಟರು. ಮರವೆಂದರೆ ಗಿಡವಲ್ಲ, ಅಕ್ಕಿ ಕೇರುವ ಮರ. “ನಿಂದು ಯಾವ ಗಂಟವ್ವಾ?” ಎಂದು ಕೇಳಿದರು.

“ಹೇಳಂಗಿಲ್ಲ ತಾಯಿ. ಬಿಚ್ಚಿದವರಿಗೆ ತಟ್ಟತೈತಿ. ನನ್ನ ರೋಗ ನಿಮಗ್ಯಾಕ?”

“ಹಂಗಾರ ಎಲ್ಲಾ ಬಿಚ್ಚತೀನಿ.”

ತಾಯಿಯವರಿಗೆ ಆಗ ಎಪ್ಪತ್ತು ದಾಟಿತ್ತು. ಮಣೆ ಎಳೆದುಕೊಂಡು ಹತ್ತಿದರು. ಮೊದಲ ಗಂಟು ಬಿಚ್ಚಿದರು, ಎರಡನೆಯದು ಬಿಚ್ಚಿದರು. ಮೂರನೆಯದರಿಂದ ಮಡಿಸಿದ ಚೀಟಿಯೊಂದು ಉದುರಿತು. ಇಂದಿರವ್ವ ಎತ್ತಿ ಓದಿದಳು. ಹಿಂದಿನ ಓಣಿಯ ಗಂಗಮಾಳವ್ವನದು. ಎದೆಯ ಗಡ್ಡೆ, ಕೂಡಲೇ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಬರೆದು ಎಂಟು ತಿಂಗಳಾಗಿತ್ತು. ಆರನೆಯದರಲ್ಲಿ ಇನ್ನೊಬ್ಬಳ ಆರೋಗ್ಯ ಕಾರ್ಡು. ಒಂಬತ್ತನೆಯದರಲ್ಲಿ ಪಕ್ಕದ ಊರಿನವಳೊಬ್ಬಳ ವರದಿ. ಇವರಲ್ಲಿ ಊರಿನವರೇ ಆದ ಮೊದಲಿನಿಬ್ಬರ ಮನೆಗೂ ಇಂದಿರವ್ವ ಹೋಗಿದ್ದಳು, ಕೇಳಿದ್ದಳು, ‘ತೊಂದರೆ ಇಲ್ಲ’ ಎಂದು ಬರೆದುಕೊಂಡು ಬಂದಿದ್ದಳು.

ಹುಲಿಗೆವ್ವನಿಗೆ ನೋಡಲಾಗಲಿಲ್ಲ. “ಸಾಕು ತಾಯಿ! ಎಲ್ಲಾರದೂ ನೀವ ಹೊರತೀರೇನು? ಅಕಾ ಅಲ್ಲಿ, ಮೂಲ್ಯಾಗಿಂದು ನಂದು,” ಎಂದು ಅತ್ತಳು.

ತಾಯಿಯವರು ಅದನ್ನೂ ಬಿಚ್ಚಿ ಕಾರ್ಡನ್ನು ಅವಳ ಕೈಯಲ್ಲಿಟ್ಟರು. “ತಟ್ಟೋದು ನನಗ ತಟ್ಟಲಿ. ನೀ ಬಸ್ ಹತ್ತು.”

ಇಂದಿರವ್ವ ಕೈಯಲ್ಲಿದ್ದ ಆ ಮೂವರ ಕಾಗದಗಳನ್ನು ಮತ್ತೊಮ್ಮೆ ತಿರುವಿ ನೋಡಿದಳು. ಆ ಹೆಂಗಸರು ತನಗೆ ಹೇಳದ್ದನ್ನು ಒಂದು ತೆಂಗಿನಕಾಯಿಗೆ ಹೇಳಿದ್ದರು. “ನಾನು ಕೇಳಿದ್ದೆ, ಅಮ್ಮಾರ,” ಎಂದಳು. ದನಿ ಸಣ್ಣದಾಗಿತ್ತು.

“ನಿಂತು ಕೇಳೀದಿ,” ಎಂದರು ತಾಯಿಯವರು. “ಕುಂತು ಕೇಳು.”

ಇಂದಿರವ್ವ ಅಂದು ಸಂಜೆಯೇ ಆ ಇಬ್ಬರ ಮನೆಗೆ ಹೋದಳು. ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಒಲೆಯ ಮುಂದೆ ಕುಳಿತಳು. ಸೋಮವಾರದ ಬಸ್ಸಿಗೆ ಹೊರಟವರು ಹುಲಿಗೆವ್ವ ಒಬ್ಬಳೇ ಅಲ್ಲ, ಮೂವರು. ಪಕ್ಕದ ಊರಿಗೂ ಇಂದಿರವ್ವ ಹೋದಳು. ಆದರೆ ಆ ಹೆಣ್ಣುಮಗಳು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಆ ಕಾಗದವನ್ನು ಇಂದಿರವ್ವ ಇಂದಿಗೂ ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಾಳೆ. ಈಗ ಯಾರ ಮನೆಗೆ ಹೋದರೂ ಮೊದಲು ಕೂರುತ್ತಾಳೆ.

ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ಕಾರ್ಡಿದ್ದರೆ ಎಲ್ಲ ಆಯಿತೆಂದು ಓದುಗರು ತಿಳಿಯಬಾರದು. ಚಿಕಿತ್ಸೆ ಕಾರ್ಡಿನಲ್ಲಿ ಬರುತ್ತದೆ, ಸರಿ. ಆದರೆ ರೋಗಿಯ ಜೊತೆ ಹೋಗಿ ಪಕ್ಕದಲ್ಲಿ ಕೂರುವವರು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅದಕ್ಕೇ ತಾಯಿಯವರು ಮಾಡಿದ ಏರ್ಪಾಡು ಏನೆಂದರೆ, ಪ್ರತಿ ಸೋಮವಾರ ಮಠದಿಂದ ಒಬ್ಬರು, ಯಾರೇ ಆಗಲಿ, ಬುತ್ತಿ ಕಟ್ಟಿಕೊಂಡು ಅವರ ಜೊತೆಗೆ... ಕ್ಷಮಿಸಬೇಕು, ಅಂಗಳದಿಂದ ಇಂದಿರವ್ವ ಕರೆಯುತ್ತಿದ್ದಾಳೆ, ಬಸ್ಸು ಬಂತಂತೆ, ಈ ವಾರದ ಪಾಳಿ ನನ್ನದು